ಫೋಟೋ ಕೊಡದವರ ಸುದ್ದಿ

ನನ್ನ ಕೆಲಸ ಏನೆಂದು ಹೆಂಡತಿಯ ತವರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಇಡೀ ಯಲಬುರ್ಗಾಕ್ಕೆ ಗೊತ್ತಿದೆ. ಬಸ್ಸಿಳಿದರೆ ಸಾಕು, ಚಹಾದಂಗಡಿಯವನು, "ಬರ್ರಿ ಅಳಿಯಾರ, ಇವತ್ತ ಯಾರನ್ನ ಮ್ಯಾಲ ಕಳಿಸಾಕ ಬಂದೀರಿ?" ಎನ್ನುತ್ತಾನೆ. ನಾನೂ ಹಲ್ಲು ಕಿರಿಯುತ್ತೇನೆ. ಅವನಿಗೆ ಗೊತ್ತಿರುವುದು ನಗು ಬರುವ ಅರ್ಧ ಮಾತ್ರ.

ಕೊಪ್ಪಳದ ಒಂದು ಕೇಬಲ್ ಟಿವಿ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಊರಲ್ಲಿ ನಮ್ಮ ಚಾನೆಲ್ ಬರುತ್ತದೆ. ಅದರಲ್ಲಿ ಜನ ತಪ್ಪದೆ ನೋಡುವುದು ಹಳೆಯ ಸಿನಿಮಾಗಳ ನಡುವೆ ಬರುವ ನಿಧನವಾರ್ತೆಯನ್ನು. ಹೂಹಾರದ ಚೌಕಟ್ಟು, ಒಳಗೆ ಫೋಟೋ, ಕೆಳಗೆ ಹೆಸರು, ಓಣಿ, ಮಣ್ಣು ಮಾಡುವ ಹೊತ್ತು. ಬೆಳಗಿನ ಅಡುಗೆ ಮುಗಿಸಿದ ಹೆಂಗಸರು ಒಮ್ಮೆ ಆ ಚಾನೆಲ್ ಹಾಕಿ, ಗುರುತಿನವರು ಯಾರಾದರೂ ಹೋದರೇನೋ ಎಂದು ನೋಡಿ ಆಮೇಲೆ ಮುಂದಿನ ಕೆಲಸ ಹಿಡಿಯುತ್ತಾರೆ.

ಮೊದಲು ಊರಿಗೊಬ್ಬರು ಕುಳಿತು ಇದನ್ನು ಟೈಪ್ ಮಾಡುತ್ತಿದ್ದರು. ನಾನು ಜಾಣ ನೋಡಿ, ಕೊಪ್ಪಳದಲ್ಲಿ ಒಂದು ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಟೂಲ್ ಕೂರಿಸಿದೆ. ಹೆಸರು ದೊಡ್ಡದು, ಕೆಲಸ ಸರಳ. ಯಾವ ಊರಿಗೆ ಯಾವ ಸಂಗತಿ ಹೋಗಬೇಕೆಂದು ಕಚೇರಿಯ ಹುಡುಗರು ಅದರಲ್ಲಿ ಬರೆದಿಟ್ಟರೆ ಆಯಾ ಊರಿನ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಆ ಸಂಗತಿಗಳಿಗೆ ನಮ್ಮ ಭಾಷೆಯಲ್ಲಿ ವೇರಿಯಬಲ್ ಎನ್ನುತ್ತೇವೆ: ಹೆಸರು, ಓಣಿ, ಹೊತ್ತು, ಫೋಟೋ. ಅಲ್ಲಿ ನಾನು ಬರೆದ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿ, ಅವನ್ನು ಇಸಿದುಕೊಂಡು ಚೌಕಟ್ಟಿನಲ್ಲಿ ತುಂಬಿ ಪರದೆಗೆ ಬಿಡುತ್ತದೆ. ಸ್ಕ್ರಿಪ್ಟಿಗೆ ಸ್ವಂತ ಬುದ್ಧಿ ಇರುವುದಿಲ್ಲ. ಯಾವುದಾದರೂ ವೇರಿಯಬಲ್ ಖಾಲಿ ಬಂದರೆ ಏನು ಮಾಡಬೇಕೆಂದು ಬರೆದವನೇ ಹೇಳಿರಬೇಕು.

ನಾನು ಹೇಳಿದ್ದೆ. ಒಮ್ಮೆ ಗಂಗಾವತಿಯಲ್ಲಿ ಫೋಟೋ ಇಲ್ಲದೆ ಬರೀ ಕಪ್ಪು ಚೌಕಟ್ಟು ಬಂದಿದ್ದಕ್ಕೆ ನಮ್ಮ ಮಾಲೀಕರು, "ಸತ್ತವರ ಮಾರಿ ಇಲ್ಲದ ಸುದ್ದಿ ಯಾರ ನೋಡ್ತಾರೋ?" ಎಂದು ಬೈದಿದ್ದರು. ಅವತ್ತೇ ಸ್ಕ್ರಿಪ್ಟಿನಲ್ಲಿ ಸೇರಿಸಿದೆ: ಫೋಟೋ ಖಾಲಿ ಇದ್ದರೆ ಮಾಹಿತಿ ಇನ್ನೂ ಬಂದಿಲ್ಲ ಎಂದು ತಿಳಿದು, ಉಳಿದದ್ದನ್ನೂ ಬಿಟ್ಟು, ಮಾದರಿಯನ್ನು ತೋರಿಸು. ಪರೀಕ್ಷೆಗೆಂದು ಒಂದು ಮಾದರಿ ಬೇಕಿತ್ತು. ನನ್ನ ಫೋನಿನಲ್ಲಿ ಮಾವನ ಫೋಟೋ ಇತ್ತು, ಯಾರದೋ ಮದುವೆಯಲ್ಲಿ ರುಮಾಲು ಸುತ್ತಿಕೊಂಡು ನೆಟ್ಟಗೆ ನಿಂತದ್ದು. ಅವರದೇ ಹೆಸರು, ಅವರದೇ ಓಣಿ ಹಾಕಿ, ಹಾರ ಬಿದ್ದದ್ದನ್ನು ನೋಡಿ ಒಬ್ಬನೇ ನಕ್ಕೆ. ಆಮೇಲೆ ಅಲ್ಲಿ ಚಾನೆಲ್ಲಿನ ಗುರುತು ಇಡಬೇಕಿತ್ತು. ನಾಳೆ ಇಟ್ಟರಾಯಿತು ಅಂದುಕೊಂಡು ಮರೆತುಬಿಟ್ಟೆ.

ಕಳೆದ ವರ್ಷ ಒಂದು ಬೆಳಿಗ್ಗೆ ಕಚೇರಿಯಲ್ಲಿದ್ದಾಗ ಹೆಂಡತಿಯ ಫೋನು ಬಂತು. ಅಳುತ್ತಿದ್ದಾಳೋ ಬೈಯುತ್ತಿದ್ದಾಳೋ ತಿಳಿಯಲಿಲ್ಲ. "ಅಪ್ಪನ ಫೋಟೋಕ್ಕ ಹಾರ ಹಾಕಿ ಟಿವ್ಯಾಗ ಬಿಟ್ಟೀರಂತ. ಮನಿ ಮುಂದ ಜನ ಕೂಡ್ಯಾರ. ನಿಮಗ ಬುದ್ಧಿ ಐತೇನ್ರಿ?" ಯಾಕೆ ಹೀಗಾಯಿತು, ಯಲಬುರ್ಗಾಕ್ಕೆ ಅವತ್ತು ಏನು ಬಂದಿತ್ತು, ಒಂದನ್ನೂ ನೋಡಲಿಲ್ಲ. ಆ ಊರಿನ ನಿಧನವಾರ್ತೆಯನ್ನೇ ಪೂರ್ತಿ ನಿಲ್ಲಿಸಿ ಬಸ್ ಸ್ಟ್ಯಾಂಡಿಗೆ ಓಡಿದೆ.

ನಾನು ಮುಟ್ಟುವಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಮಾವ ಹಿಟ್ಟಿನ ಗಿರಣಿಗೆ ಹೋಗಿದ್ದರಂತೆ. ಜೋಳದ ಹಿಟ್ಟಿನ ಡಬ್ಬಿ ಹೆಗಲ ಮೇಲಿಟ್ಟುಕೊಂಡು ತಿರುಗಿ ಬಂದರೆ ತಮ್ಮದೇ ಮನೆಯ ಮುಂದೆ ಹೆಂಗಸರು ಅಳುತ್ತಿದ್ದಾರೆ. "ಯಾರ್ ಹೋದ್ರಬೇ?" ಎಂದು ಹಿಂದಿನಿಂದ ಕೇಳಿದರಂತೆ. ಹೊರಳಿ ನೋಡಿದ ಒಬ್ಬಾಕೆ ಚೀರಿ ಚರಂಡಿಗೆ ಕಾಲಿಟ್ಟಳಂತೆ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ನೆರೆಯವರು ಬುತ್ತಿ ತಂದಿದ್ದರು, ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ. ನಾನು ಹೋದಾಗ ಮಾವ ಕಟ್ಟೆಯ ಮೇಲೆ ಕುಳಿತು ಅದನ್ನೇ ಉಣ್ಣುತ್ತಿದ್ದರು. "ಬರ್ರಿ ಅಳಿಯಾರ, ನನ್ನ ತಿಥಿ ಊಟ ಛಲೋ ಆಗೇತಿ. ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಕ್ಕತಂತ" ಎಂದರು. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು.

ಅತ್ತೆ ಮಾತ್ರ ನಗಲಿಲ್ಲ. ಗಂಡ ಮನೆಗೆ ಬರುವ ತನಕ ಅವರು ಅದನ್ನು ನಿಜವೆಂದೇ ನಂಬಿದ್ದರು. ಗಿರಣಿಯಲ್ಲೇ ಏನೋ ಆಗಿರಬೇಕು, ತನಗಿಂತ ಮೊದಲು ಊರಿಗೆ ಗೊತ್ತಾಗಿದೆ ಎಂದು ತಿಳಿದಿದ್ದರು. ಸಮಾಧಾನ ಮಾಡಲು ಬಂದ ಹಿರಿಯಳೊಬ್ಬಳು ಅವರ ಕೈ ಹಿಡಿದುಕೊಂಡು ಹಸಿರು ಬಳೆಗಳನ್ನೇ ನೋಡುತ್ತಿದ್ದಳಂತೆ. ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಬಂದ ಹೆಂಗಸರು ಹೋಗಲಿಲ್ಲ. ಸತ್ತವರು ಎದ್ದು ಕೂತ ಮನೆ ಎಂದು ಚಹಾ ಕುಡಿಯುತ್ತ ಮಧ್ಯಾಹ್ನ ದಾಟಿದರೂ ಕುಳಿತೇ ಇದ್ದರು. ಓಣಿ ಓಣಿಗಳಿಂದ ಮತ್ತಷ್ಟು ಮಂದಿ ನೋಡಲು ಬಂದರು. ಹೊತ್ತು ಇಳಿಯುತ್ತಿದ್ದಾಗ ಬಂದಾಕೆಯೊಬ್ಬಳು ಬಾಗಿಲಲ್ಲೇ ನಿಂತು, "ನೀವೆಲ್ಲಾ ಇಲ್ಲಿ ಕುಂತೀರಿ. ಬಳಿಗಾರ್ತಿ ಅವ್ವ ಹೋದ್ಲಂತಲ್ಲ. ಮಣ್ಣ ಮಾಡಿ ಬಂದ್ರಂತ" ಎಂದಳು.

ಬಳಿಗಾರ್ತಿ ಅವ್ವ ಎಂದರೆ ಎರಡು ಓಣಿ ಆಚೆಗಿನ ಮುಸಲ್ಮಾನರ ಮನೆಯ ಮುದುಕಿ. ಬಳೆಯ ಮಲಾರ ಹೊತ್ತು ಮನೆಮನೆಗೆ ಬರುತ್ತಿದ್ದವಳು. ಊರಿನ ಅರ್ಧ ಮದುಮಕ್ಕಳಿಗೆ ಅವಳೇ ಬಳೆ ಇಡಿಸಿದ್ದು. ಅತ್ತೆ ಹೊಸ ಸೊಸೆಯಾಗಿ ಬಂದಾಗ ಅವರ ಕೈ ಹಿಡಿದವಳು, ನನ್ನ ಹೆಂಡತಿಯ ಕುಬಸದಲ್ಲಿ ಬಸುರಿಯ ಕೈಯನ್ನು ಮೆತ್ತಗೆ ಒತ್ತಿ ಒತ್ತಿ ಬಳೆ ಏರಿಸಿದವಳು. ಅವಳು ಸತ್ತರೆ ಊರಿನ ಹೆಂಗಸರೆಲ್ಲ ಹೋಗಿ ಒಮ್ಮೆ ಮುಖ ನೋಡಬೇಕು, ಅದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಮಸೀದಿಯ ಮೈಕಿನಲ್ಲಿ ಹೇಳಿದ್ದರಂತೆ. ನಮ್ಮ ಮನೆಯ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ನಾನು ಎದ್ದು ಹಿತ್ತಲಿಗೆ ಹೋಗಿ ಫೋನಿನಲ್ಲಿ ಯಲಬುರ್ಗಾದ ವೇರಿಯಬಲ್ ತೆರೆದೆ. ಅವಳ ಹೆಸರು ಇತ್ತು. ಓಣಿ ಇತ್ತು. ಮಧ್ಯಾಹ್ನದ ನಮಾಜಿನ ನಂತರ ಎಂದು ಹೊತ್ತೂ ಇತ್ತು. ಫೋಟೋದ ಜಾಗ ಖಾಲಿ. ಸತ್ತ ಹೆಣ್ಣುಮಗಳ ಫೋಟೋವನ್ನು ಟಿವಿಯಲ್ಲಿ ತೋರಿಸುವುದು ಆ ಮನೆಯವರಿಗೆ ಸರಿಬಂದಿರಲಿಲ್ಲ, ಕೊಟ್ಟಿರಲಿಲ್ಲ. ಅವರಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆಯೇ. ಅಂಥ ನೆರೆಮನೆಗಳ ನಡುವೆಯೇ ಹುಟ್ಟಿ ಬೆಳೆದ ನನಗೆ ಅಂಥ ಮನೆ ಒಂದು ಇರಬಹುದೆಂದು ಸ್ಕ್ರಿಪ್ಟ್ ಬರೆಯುವಾಗ ಹೊಳೆದೇ ಇರಲಿಲ್ಲ. ಫೋಟೋ ಇಲ್ಲದಿದ್ದರೆ ಸುದ್ದಿಯೇ ಇಲ್ಲ ಎಂದು ಬರೆದಿದ್ದೆ. ಬೆಳಿಗ್ಗೆ ಹೆದರಿ ನಿಲ್ಲಿಸುವ ಮೊದಲು ಒಮ್ಮೆ ಇದನ್ನು ನೋಡಿದ್ದರೂ ಮಣ್ಣಿಗೆ ಇನ್ನೂ ಸಾಕಷ್ಟು ಹೊತ್ತಿತ್ತು. ಆಗ ನನಗೆ ನನ್ನ ಮಾವನ ಮರ್ಯಾದೆ ಮಾತ್ರ ಕಂಡಿತ್ತು.

ಅತ್ತೆಗೆ ಹೇಳಿದೆ. ತಂತ್ರಜ್ಞಾನದ ಮಾತು ಅವರಿಗೆ ಬೇಕಿರಲಿಲ್ಲ. "ನನ್ನ ಗಂಡನ್ನ ಸಾಯಿಸಿದ್ದು ನಡೀತೈತ್ರಿ. ಆಕಿ ಮಾರಿ ನೋಡಾಕ ಆಗ್ಲಿಲ್ಲಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅವತ್ತು ಅವರು ಅತ್ತದ್ದು ಎರಡನೆಯ ಸಲ, ಎರಡೂ ನನ್ನಿಂದ.

ಮರುದಿನ ಬೆಳಿಗ್ಗೆ ಇಬ್ಬರೂ ಆ ಮನೆಗೆ ಹೋದೆವು. ಅತ್ತೆ ಒಳಗೆ ಹೆಂಗಸರ ಹತ್ತಿರ ಹೋದರು. ಹೊರಗೆ ಚಾಪೆಯ ಮೇಲೆ ಅವ್ವನ ಮಗ ಕುಳಿತಿದ್ದ, ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ ಇಟ್ಟುಕೊಂಡಿರುವ, ಸುಮಾರು ನನ್ನದೇ ವಯಸ್ಸಿನವನು. ಬೈಸಿಕೊಳ್ಳಬೇಕೆಂದೇ ಹೋಗಿದ್ದೆ. ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದೆ: ಸುದ್ದಿ ಬಂದಿತ್ತು, ಫೋಟೋ ಇಲ್ಲವೆಂದು ನಾನು ಬರೆದ ಸ್ಕ್ರಿಪ್ಟ್ ಅದನ್ನು ಬಿಟ್ಟುಬಿಟ್ಟಿತು, ಆಮೇಲೆ ನಾನೇ ಪೂರ್ತಿ ನಿಲ್ಲಿಸಿದೆ, ಊರಿಗೆ ಗೊತ್ತಾಗಲಿಲ್ಲ.

ಅವನು ನನ್ನ ಮುಖವನ್ನೇ ನೋಡಿದ. "ಅಂದ್ರ ಟಿವ್ಯಾಗ ಬಂದೇ ಇಲ್ಲೇನ್ರಿ?"

"ಇಲ್ಲ."

"ಖರೇನಾ?"

"ಖರೇನ."

ಅವನು ಬೈಯಲಿಲ್ಲ. ಎದ್ದು ಬಾಗಿಲಿನ ಪರದೆಯ ಹತ್ತಿರ ನಿಂತು ಒಳಗಿದ್ದ ಅಕ್ಕನಿಗೆ ಕೂಗಿ ಹೇಳಿದ. "ಆಪಾ, ಯಾರಿಗೂ ಗೊತ್ತಾಗಿದ್ದಿಲ್ಲಂತ. ಗೊತ್ತಾಗಿ ಬರದೇ ಇದ್ದದ್ದಲ್ಲಂತ." ಅವನ ದನಿ ಹಗುರಾಗಿತ್ತು. ತಿರುಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಭಾಳ ಉಪಕಾರ ಆತ್ರಿ, ಬಂದು ಹೇಳಿದ್ರಿ. ಈಗಿನ ಕಾಲ ಹಿಂಗೈತಿ, ನಮ್ಮ ಮನಿಗೆ ಯಾರ ಬರ್ತಾರ ಅಂದ್ಕೊಂಡು ಅಮ್ಮಾನ್ನ ಎತ್ತಿಬಿಟ್ವಿ."

ಜೀವಮಾನವಿಡೀ ಕೈ ಕೈಗೆ ಬಳೆ ಇಡಿಸಿದ ತಾಯಿಯನ್ನು ಊರು ಬೇಕೆಂದೇ ಬಿಟ್ಟಿತು ಎಂದು ಅವರು ನಂಬಿದ್ದರು. ಯಾರನ್ನೂ ಕೇಳಿರಲಿಲ್ಲ, ಜಗಳ ತೆಗೆದಿರಲಿಲ್ಲ. ಅದನ್ನು ನಂಬಲು ಅವರಿಗೆ ಸ್ವಲ್ಪವೂ ಕಷ್ಟವಾಗಿರಲಿಲ್ಲ.