ದಾರಿಗೊಂದು ಕೊಡ ನೀರು

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಕರೆಂಟು ಬಂದ ವರ್ಷ ತಂತಿ ಎಳೆಯಲು ಬಂದ ವೈರ್‌ಮನ್ ಹುಬ್ಬಳ್ಳಿ ಕಡೆಯವನು. ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳದೆ ಗೋಡೆಯನ್ನೂ ಮುಟ್ಟುತ್ತಿರಲಿಲ್ಲ.

ನನ್ನ ತಮ್ಮ ಊರಿನ ಹೊಲದಲ್ಲಿ ಸಿಡಿಲು ಬಡಿದು ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ಸ್ವಿಚ್ಚಿಗೆ ಕೈ ಹಚ್ಚುತ್ತಿರಲಿಲ್ಲ. ಮನೆಯವರು ಡ್ಯೂಟಿಯಿಂದ ಬರುವವರೆಗೆ ಕಂದೀಲಿನ ಬೆಳಕಿನಲ್ಲೇ ಇರುತ್ತಿದ್ದೆ. ಸಿಡಿಲು ಬೇರೆ, ಕರೆಂಟು ಬೇರೆ ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಕಡೆಗೆ ಆ ವೈರ್‌ಮನ್‌ನನ್ನೇ ಕೇಳಿದೆ.

ಅವನು ಅಂಗೈ ಒರೆಸಿಕೊಂಡ. "ಸುಳ್ಳು ಹೇಳಂಗಿಲ್ಲ ಅಕ್ಕಾರ, ಎರಡೂ ಒಂದ ರೀ. ಅದಕ್ಕ ದಾರಿ ಇರಲಿಲ್ಲ, ನಿಮ್ಮ ತಮ್ಮನ ಮೈಮ್ಯಾಲೆ ಹಾದು ಹೋತು. ಇದಕ್ಕ ದಾರಿ ಮಾಡೇವಿ. ಬರ್ರಿ, ತೋರಸ್ತೀನಿ."

ಹಿತ್ತಲಲ್ಲಿ ಗೋಡೆಯಿಂದ ಇಳಿದ ತಂತಿಯೊಂದು ಇದ್ದಿಲು, ಉಪ್ಪು ತುಂಬಿದ ಗುಂಡಿಯೊಳಗೆ ಹೋಗಿತ್ತು. ದಾರಿ ತಪ್ಪಿದ ಕರೆಂಟು ಅಲ್ಲಿಂದ ಮಣ್ಣಿಗೆ ಇಳಿಯುತ್ತದಂತೆ. ಮಣ್ಣು ಒಣಗಿದರೆ ಇಳಿಯದಂತೆ.

ಅಂದು ಸಂಜೆ ದೀಪ ನಾನೇ ಹಾಕಿದೆ.

ಬೇಸಿಗೆಯಲ್ಲಿ ನಳದ ಮುಂದೆ ಕೊಡಗಳು ಸಾಲು ನಿಂತಿರುವಾಗ ರಿಪೇರಿ ಕೆಲಸಕ್ಕೆಂದು ಅಲ್ಲೇ ಉಳಿದಿದ್ದ ಅವನು ತನ್ನ ಸ್ನಾನದ ನೀರನ್ನು ತಂದು ಮನೆಮನೆಯ ಗುಂಡಿಗೂ ಸುರಿಯುತ್ತಿದ್ದ. ದೀಪ ಬಿತ್ತಿದ್ದೀಯೇನೋ ಎಂದು ನೆರೆಯ ಮರಾಠಿ ಹೆಂಗಸರು ನಗುತ್ತಿದ್ದರು. "ಕೈ ಒಣಗಿರಬೇಕ್ರಿ, ದಾರಿ ತಂಪಿರಬೇಕ್ರಿ," ಅನ್ನುತ್ತಿದ್ದ, ಪ್ರತಿ ಸಲವೂ.

ಮೂರನೆಯ ವರ್ಷ ಅವನಿಗೆ ವರ್ಗವಾಯಿತು; ಗುಂಡಿಗಳಿಗೆ ನೀರು ಹಾಕುವವರಿಲ್ಲವಾಯಿತು. ಆ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನಳದಲ್ಲಿ ಸಿಕ್ಕ ಒಂದೇ ಕೊಡ ನೀರನ್ನು ನಾನು ಅಡುಗೆಮನೆಗೆ ಒಯ್ಯದೆ ಹಿತ್ತಲಿನ ಗುಂಡಿಗೆ ಒಯ್ದೆ. ತಮ್ಮನ ಬಾಯಿಗೆ ಹನಿ ನೀರು ಬಿಡಲು ನಾನು ಊರಲ್ಲಿರಲಿಲ್ಲ. ಕೊಡ ಬರಿದಾಗುವವರೆಗೂ ಆ ಮಣ್ಣು ಗುಟುಕು ಗುಟುಕಾಗಿ ಕುಡಿಯಿತು.