ಸೇತುವೆ ಮೇಲೆ ಎಮ್ನಾ ಕೂಗಿದ್ದು

ನನ್ನ ಅಕ್ಕನ ಮಗಳು ಎಮ್ನಾ ಕಡಲ ದಡದ ನಮ್ಮ ಬಿಝರ್ತ್ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು. ಎದುರಿಗೆ ಲಾರಿ ನುಗ್ಗಿ ಬಂದರೂ ರೆಪ್ಪೆ ಅಲುಗಿಸುತ್ತಿರಲಿಲ್ಲ. ಮದುವೆ ಅಂದರೆ ಮಾತ್ರ ಬೆವರುತ್ತಿದ್ದಳು.

ಮೊದಲ ನಿಶ್ಚಿತಾರ್ಥ ಮುರಿದದ್ದು ಹುಡುಗನ ತಾಯಿ ಹೊಸ ಮನೆಯ ಕಿಟಕಿಗೆ ಪರದೆ ಅಳೆಯಲು ಬಂದ ದಿನ. "ಆಯಮ್ಮ ಕಿಟಕಿ ಅಳೀತಿರಲಿಲ್ಲ ಚಿಕ್ಕಮ್ಮ, ನನ್ನನ್ನೇ ಅಳೀತಿದ್ಲು" ಎಂದಳು. ಎರಡನೆಯ ಹುಡುಗ, ಪಾಪ, ಹುಟ್ಟಲಿರುವ ಮಕ್ಕಳಿಗೆಲ್ಲ ಹೆಸರು ಆರಿಸಿಟ್ಟುಕೊಂಡಿದ್ದ. ಹೆಸರುಗಳನ್ನು ಕೇಳಿದ ಸಂಜೆಯೇ ಅವನ ಉಂಗುರ ಮಿಠಾಯಿ ಡಬ್ಬಿಯಲ್ಲಿ ವಾಪಸ್ಸು ಹೋಯಿತು. ಆಮೇಲೆ ನನ್ನ ಅಕ್ಕ ಮಗಳ ಮುಂದೆ ಆ ಮಾತು ಎತ್ತುವುದನ್ನೇ ಬಿಟ್ಟಳು. ಅಳುವುದಿದ್ದರೆ ನನ್ನ ಮನೆಗೆ ಬಂದು ಅಳುತ್ತಿದ್ದಳು.

ಅಂಥವಳ ಹತ್ತಿರ ಲಮ್ಜೆದ್ ಕಲಿಯಲು ಬಂದ. ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಮಾಡುವವನು, ನಲವತ್ತು ದಾಟಿದವನು, ಎಷ್ಟು ಉಜ್ಜಿ ತೊಳೆದರೂ ಡೀಸೆಲ್ ವಾಸನೆ ಬಿಡದವನು. ಸಮುದ್ರದಲ್ಲಿ ಹುಲಿ, ರಸ್ತೆಯಲ್ಲಿ ಕುರಿ. ದೋಣಿಗೆ ಬ್ರೇಕ್ ಇಲ್ಲವಲ್ಲ, ಹಾಗಾಗಿ ಸಿಗ್ನಲ್ ದೂರದಲ್ಲಿ ಕಂಡ ಕೂಡಲೇ ನಿಧಾನ ಮಾಡಿಬಿಡುತ್ತಿದ್ದ. ಒಂದು ದಿನ ಸಂತೆಗೆ ಹೊರಟ ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಿದ್ದರು. ಸರ್ಕಲ್ಲಿನಲ್ಲಿ ಕಾರು ನಿಂತದ್ದು ನಿಂತೇ ಇತ್ತು.

"ಹೋಗ್ರೀ, ರಸ್ತೆ ಖಾಲಿ ಇದೆ!" ಎಂದಳು ಎಮ್ನಾ.

"ಆ ಅಜ್ಜ ದಾಟ್ತಾರೇನೋ."

"ಅಜ್ಜ ಕಾಫಿ ಅಂಗಡೀಲಿ ಕೂತಿದಾರೆ!"

"ಎದ್ರೂ ಏಳಬಹುದು ಮೇಡಂ."

ಎಮ್ನಾ ಪಕ್ಕದ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ಪಾಠದ ಹೊತ್ತಿನಲ್ಲಿ ಅವಳು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಂತೂ ಇಂತೂ ಲಮ್ಜೆದ್ ಪರೀಕ್ಷೆ ಪಾಸಾದ. ಖುಷಿಯಲ್ಲಿ ಒಂದು ಬುಟ್ಟಿ ಮೀನು ತಂದುಕೊಟ್ಟರೆ ಇವಳ ಮುಖ ಹುಳ್ಳಗಾಯಿತು. "ಪಾಸಾದ್ರೆ ಮುಗೀತಾ? ಪಾರ್ಕಿಂಗ್ ಎಲ್ಲಿ ಬರುತ್ತೆ ನಿಮಗೆ? ನಾಳೆಯಿಂದ ಬನ್ನಿ" ಎಂದಳು.

"ಊರಿಗೆಲ್ಲ ಹೀಗೇ ಪುಕ್ಕಟೆ ಕಲಿಸ್ತೀಯೇನೇ?" ಎಂದು ನಾನು ಕೆಣಕಿದೆ.

"ರಸ್ತೆ ಸುರಕ್ಷತೆ, ಚಿಕ್ಕಮ್ಮ."

"ಸುರಕ್ಷತೆಗೆ ಲಿಪ್‌ಸ್ಟಿಕ್ ಬೇರೆ ಬೇಕಾ?"

ಒಂದು ಶನಿವಾರ ಅವನು, "ಭಾನುವಾರ ಮೀನು ಸುಡ್ತೀನಿ, ಬರ್ತೀರಾ?" ಎಂದ. "ಈ ಭಾನುವಾರ ಮಾತ್ರ" ಎಂದಳು. "ನಾನೆಲ್ಲಿ ಮುಂದಿನದ್ದು ಕೇಳಿದೆ?" ಎಂದ ಅವನು. ಮುಂದಿನ ಶನಿವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಬೇಸಿಗೆಯೆಲ್ಲ ಹೀಗೇ ಕಳೆಯಿತು.

ಆಮೇಲೊಂದು ಶನಿವಾರ ಅವನು ಕೇಳಲೇ ಇಲ್ಲ. ಫೋನೂ ಸತ್ತಿತ್ತು. ಭಾನುವಾರ ಎಮ್ನಾ ನಮ್ಮ ಮನೆಗೆ ಬಂದು ಕುಸ್ಕುಸ್ ಊಟದ ತಟ್ಟೆ ಮುಂದೆ ಕೂತಳು. ಖಾರದ ಹರೀಸಾ ಚಟ್ನಿ ಹಾಕಿಕೊಂಡದ್ದು ಮರೆತು ಮತ್ತೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. "ಖಾರ" ಎಂದಳು. ತಟ್ಟೆ ಸರಿಸಿ ಎದ್ದಳು. "ಬಾ ಚಿಕ್ಕಮ್ಮ, ಗಾಡಿ ಹತ್ತು."

ಅವನ ಶೆಡ್ಡು ಹಡಗು ಓಡಾಡುವ ಕಾಲುವೆಯ ಆಚೆ ದಡದಲ್ಲಿ. ನಾವು ಸೇತುವೆ ತಲುಪುವ ಹೊತ್ತಿಗೆ ಹಡಗು ಬಿಡಲು ಅದನ್ನು ಮೇಲೆತ್ತಿಬಿಟ್ಟಿದ್ದರು. ಕಾರುಗಳ ಸಾಲೇ ಸಾಲು. ಹಡಗು ಮೆಲ್ಲಗೆ ದಾಟಿತು. ಅದರ ಹಿಂದೆಯೇ ಒಂದು ಹಳೇ ಮೀನು ದೋಣಿ ಕೆಮ್ಮುತ್ತಾ ಬಂತು. ಚುಕ್ಕಾಣಿ ಹಿಡಿದಿದ್ದವನು ಲಮ್ಜೆದ್, ಮೈಯೆಲ್ಲ ಮಸಿ.

ಎಮ್ನಾ ಕಾರನ್ನು ಹಾಗೇ ಬಿಟ್ಟು ಕಂಬಿಯ ಬಳಿ ಓಡಿದಳು. ನಾನು ಏದುಸಿರು ಬಿಡುತ್ತಾ ಹಿಂದೆ ಓಡಿದೆ.

"ಎಲ್ಲಿ ಹಾಳಾಗಿ ಹೋಗಿದ್ರೀ?"

"ಎಂಜಿನ್ ಕೈಕೊಡ್ತು! ಫೋನು ನೀರಿಗೆ ಬಿತ್ತು!"

"ಮುಂದಿನ ಭಾನುವಾರ ಬರ್ತೀನಿ! ಅದರ ಮುಂದಿನದಕ್ಕೂ!"

"ಏನು? ಕೇಳಿಸ್ತಿಲ್ಲ!"

"ಮದುವೆ ಆಗೋಣ ಅಂದೆ!"

ಅವನು ಕಿವಿಗೆ ಕೈ ಹಿಡಿದ. ಪಕ್ಕದಲ್ಲಿ ಕಡಲೆ ತಿನ್ನುತ್ತಿದ್ದ ಟ್ಯಾಕ್ಸಿ ಡ್ರೈವರಿಗೆ ತಡೆಯಲಾಗಲಿಲ್ಲ. "ಮದುವೆ ಆಗ್ತೀಯಾ ಅಂತ ಕೇಳ್ತಿದಾಳೆ ಕಣೋ ಕಿವುಡ!" ಎಂದು ಕಾಲುವೆ ನಡುಗುವಂತೆ ಅರಚಿದ.

ಲಮ್ಜೆದ್ ಎಂಜಿನ್ ಆರಿಸಿದ. ಎಮ್ನಾಳ ಮುಖ ಬಿಳಿಚಿಕೊಂಡಿತ್ತು. ಈಗ ಓಡುತ್ತಾಳೆ ಎಂದು ನಾನು ಅವಳ ಸೆರಗಿನಂತಿದ್ದ ಶಾಲು ಹಿಡಿದುಕೊಂಡೆ. ಅವಳು ಓಡಲಿಲ್ಲ.

"ಆಗ್ತೀನಿ ಮೇಡಂ!" ಎಂದ ಅವನು. "ನೀವು ಕಾರು ಪಕ್ಕಕ್ಕೆ ಹಾಕಿ, ಜನ ಬೈತಿದಾರೆ!"

ಸಾಲಿನಲ್ಲಿದ್ದ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು.

ಮದುವೆಯ ಹಿಂದಿನ ವಾರವೆಲ್ಲ ಸಂಜೆಯಾದರೆ ನಮ್ಮ ಮನೆಗೆ ಬಂದು "ನನ್ನ ಕೈಲಾಗಲ್ಲ" ಎನ್ನುತ್ತಿದ್ದಳು. ಅವನಿಗೂ ಹಾಗೇ ಹೇಳಿದ್ದಳಂತೆ. "ಬೇಡಾಂದ್ರೆ ಬೇಡ, ಊಟ ಮಾಡ್ಕೊಂಡು ಹೋಗಿ" ಎಂದನಂತೆ. ನಗರಸಭೆಯಲ್ಲಿ ರುಜು ಹಾಕುವಾಗ ಒಮ್ಮೆ ಬಾಗಿಲ ಕಡೆ ನೋಡಿದಳು, ಆದರೂ ಹಾಕಿದಳು. ನನ್ನ ಅಕ್ಕ ಗೊಳೋ ಎಂದು ಅತ್ತದ್ದಕ್ಕೆ ಅಲ್ಲಿನ ಅಧಿಕಾರಿಯೇ ನೀರು ತಂದುಕೊಟ್ಟ.

ಈಗ ಶೆಡ್ಡಿನ ಮೇಲಿನ ಮನೆಯಲ್ಲಿದ್ದಾರೆ, ದಿನಾ ಜಗಳ, ದಿನಾ ನಗು. ನಿನ್ನೆ ಬಂದಿದ್ದಳು, ಅಂಗಳಕ್ಕೆ ದ್ರಾಕ್ಷಿ ಬಳ್ಳಿ ಬೇಕಂತೆ. "ಹಣ್ಣು ಬಿಡೋಕೆ ವರ್ಷಗಟ್ಟಲೆ ಕಾಯಬೇಕು ಕಣೇ" ಎಂದೆ.

"ಕಾದ್ರಾಯ್ತು" ಎಂದು ನನ್ನ ಗುದ್ದಲಿ ಎತ್ತಿಕೊಂಡು ಹೋದಳು.