ಹೊರಸಿನ ಜಾಗಕ್ಕೆ ಕಾರು

ಹಿಂದಿನ ದಿನ ನಮ್ಮ ಮನೆಯವರು ಚಿತ್ತಾಪುರಕ್ಕೆ ಕೆಲಸಕ್ಕೆ ಹೋಗಿದ್ದರು. ಒಬ್ಬ ಮಾಸ್ತರರ ಮನೆ ಮುಂದೆ ಪರ್ಸಿ ಕಲ್ಲು ಹಾಸುವ ಕೆಲಸ. ಕಾರು ನಿಲ್ಲಿಸಲಿಕ್ಕೆ. ಸಂಜೆ ಬಂದು ಕೈಕಾಲು ತೊಳೆದರು. ಮೊಣಕಾಲಿಗೆ ಸಿಮೆಂಟು ಹತ್ತಿಕೊಂಡಿತ್ತು, ಅದನ್ನು ಉಗುರಿನಿಂದ ಕೆರೆದು ತೆಗೆದರು. ನಾನು ರೊಟ್ಟಿ, ಪುಂಡಿಪಲ್ಯ ಕೊಟ್ಟೆ. ತಿನ್ನುತ್ತ ತಿನ್ನುತ್ತ ತಾವೇ ನಗಲಿಕ್ಕೆ ಹತ್ತಿದರು.

"ಯಾಕ ನಗ್ತೀರಿ?" ಅಂದೆ.

"ಆ ಮಾಸ್ತರನ ಹತ್ರ ಕಾರೇ ಇಲ್ಲ. ಇದ್ದ ಮಲ್ಲಿಗಿ ಬಳ್ಳಿ, ಕರಿಬೇವು ಎಲ್ಲಾ ಕಿತ್ತಿ ಒಗದು ಪರ್ಸಿ ಹಾಕಿಸ್ಯಾನ. ಕಾರ್ ಯಾವಾಗ ಬರ್ತದ್ರಿ ಅಂತ ಕೇಳ್ದೆ. ಮೊದಲ ಜಾಗಾ ಆಗ್ಲಿ, ಕಾರ್ ತಾನೇ ಬರ್ತದ ಅಂದ. ಈಗ ನಟ್ಟ ನಡುವ ಅವನ ಸೈಕಲ್ ನಿಲ್ಲಿಸ್ಯಾನ. ಸಾಹೇಬನಂಗ ನಿಂತದ ಸೈಕಲ್."

ಸೊಸೆ ರಾಧಿಕಾ ಒಳಗಿನಿಂದ, "ಮಾವ, ನಮ್ಮ ಮನ್ಯಾಗ ಖರೇ ಕಾರ್ ಅದ್ರಿ. ನಮಗ ನಗಬ್ಯಾಡ್ರಿ," ಅಂದಳು.

"ನಮ್ಮ ಮನ್ಯಾಗ ಕಾರ್ ಇಲ್ಲವ್ವ. ಕಾರಿನ ಮನ್ಯಾಗ ನಾವು ಇದ್ದೀವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಎದುರು ಮನೆಯ ಹಸೀನಾಬೇಗಂ ಹೆಪ್ಪಿಗೆ ಮೊಸರು ಕೇಳಲಿಕ್ಕೆ ಬಂದಳು. ಅವರನ್ನು ನೋಡಿ, "ಅಣ್ಣಾ, ನೀವು ಮಾಳಿಗಿ ಮ್ಯಾಲ ಮಲಗ್ಲಿಕತ್ತಾಗಿಂದ ನಿಮ್ಮ ಗೊರಕಿ ಇಡೀ ಓಣಿಗಿ ಕೇಳ್ಲಿಕತ್ತದ. ಮೊದಲ ನಮ್ಮ ಮನಿಗಷ್ಟೇ ಕೇಳ್ತಿತ್ತು," ಅಂದಳು.

"ಮೊದಲ ನಿಮಗೊಬ್ಬರಿಗೇ ಕೊಡ್ತಿದ್ದೆ. ಈಗ ಎಲ್ಲರಿಗೂ ಹಂಚ್ಲಿಕತ್ತೀನಿ," ಅಂದರು ಅವರು.

ಆಮೇಲೆ ಚಾಪೆ, ಕೌದಿ ಸುತ್ತಿ ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದರು. ನಾನು ಕೆಳಗೆ ಹಿಡಿದು ನಿಂತಿದ್ದೆ. ಅದು ಅವರ ಕೊನೆಯ ಸಂಜೆ. ಅದರಲ್ಲಿ ವಿಶೇಷ ಏನೂ ಇರಲಿಲ್ಲ.

ಗಂಡನ ಹೆಸರನ್ನು ನಾನು ಬಾಯಿಂದ ಎಂದೂ ಕರೆದವಳಲ್ಲ. ಬರೆಯಲಿಕ್ಕೆ ಅಡ್ಡಿಯಿಲ್ಲ. ಭೀಮಶ್ಯಾ. ಚಿಂಚೋಳಿ ತಾಲೂಕಿನ ಕೊಡ್ಲಿಯವರು. ಮೀಸೆ ಮೂಡುವ ವಯಸ್ಸಿಗೆ ಶಹಾಬಾದಿಗೆ ಬಂದು ಕಲ್ಲಿನ ಖಣಿಗೆ ಸೇರಿದರು. ನಾನು ಕುಂಚಾವರಂ ಕಡೆಯವಳು, ಅರ್ಧ ತೆಲುಗು, ಅರ್ಧ ಕನ್ನಡ. ಮದುವೆಯಾದ ಹೊಸತರಲ್ಲಿ ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದೆ. "ಕನ್ನಡದಾಗ ಬೈ. ತಿಳೀಲಾರದ ಬೈಗಳ ತಿಂದ್ರ ಹೊಟ್ಟಿ ತುಂಬಂಗಿಲ್ಲ," ಅನ್ನುತ್ತಿದ್ದರು. ಕೈ ಎತ್ತಿದವರಲ್ಲ. ಕುಡಿದು ಬಂದದ್ದು ಇದೆ, ಕುಡಿದ ದಿನ ಬಾಗಿಲ ಹೊರಗೇ ಕುಂತು ಹಾಡು ಹೇಳುತ್ತಿದ್ದರು. ಹಾಡು ಚಲೋ ಇರುತ್ತಿರಲಿಲ್ಲ.

ಖಣಿಯ ಕೆಲಸ ನಿಂತ ಮೇಲೆ ಮಂದಿ ಮನೆಗೆ ಕಲ್ಲು ಹಾಸಲಿಕ್ಕೆ ಹೋದರು. ಸೇಡಂ, ವಾಡಿ, ಚಿತ್ತಾಪುರ, ಕರೆದಲ್ಲಿಗೆ ಹೋಗುತ್ತಿದ್ದರು. ಮೊದಲು ಮನೆಯೊಳಗೆ ಹಾಸುತ್ತಿದ್ದರು. ಈಗ ಒಳಗೆ ಎಲ್ಲರೂ ಟೈಲ್ಸ್ ಹಾಕಿಸುತ್ತಾರೆ. ನಮ್ಮ ಊರಿನ ಕಲ್ಲು ಹೊರಗೆ ಬಂದು ಕಾರಿನ ಕೆಳಗೆ ಬಿದ್ದಿದೆ. ಅದರಿಂದಲೇ ಅವರ ಕೈಗೆ ಕೆಲಸ ಇತ್ತು. ಒಂದೊಂದು ವಾರ ಒಂದೊಂದು ಅಂಗಳ. ಯಾವ ಮನೆಯಲ್ಲಿ ಏನು ಕಿತ್ತರು ಅಂತ ಬಂದು ಹೇಳುತ್ತಿದ್ದರು. ಒಂದು ಕಡೆ ಸೀತಾಫಲ, ಒಂದು ಕಡೆ ತೊಂಡೆ ಚಪ್ಪರ.

ನಮ್ಮ ಮನೆಯನ್ನು ಅವರೇ ಕಟ್ಟಿದರು. ಗೋಡೆ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲೇ. ಬೇಸಿಗೆಯಲ್ಲಿ ಒಳಗೆ ಹೆಂಚಿನ ಮೇಲೆ ಕುಂತಂತೆ ಆಗುತ್ತದೆ. ಮುಂದೆ ಮೊರಂ ಮಣ್ಣಿನ ಅಂಗಳ ಇತ್ತು. ನಾಲ್ಕು ಬದನೆ ಗಿಡ, ಒಂದು ದಾಸವಾಳ, ಹಗ್ಗ ಹೆಣೆದ ಒಂದು ಹೊರಸು. ಹೋಳಿ ಹುಣ್ಣಿಮೆ ಆಯಿತೆಂದರೆ ಮಳೆ ಬೀಳುವ ತನಕ ಅವರು ಮಲಗುವುದು ಆ ಹೊರಸಿನ ಮೇಲೆ. ವರ್ಷಗಟ್ಟಲೆ ಕಲ್ಲಿನ ಪುಡಿ ಕುಡಿದ ಎದೆ. ಗೋಡೆಗಳ ನಡುವೆ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುತ್ತಿದ್ದರು. ಸಂಜೆ ನಾನು ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಮಣ್ಣು ತಂಪಾಗುತ್ತಿತ್ತು. ಅವರು ಮಲಗಿ ಎದುರು ಮನೆಯವರೊಂದಿಗೆ ಮಾತಾಡುತ್ತ ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದರು.

ನಮ್ಮ ಮಗ ಸಾಯಿಕುಮಾರ ಕಾರು ತಂದ. ವಾಡಿಯ ಸಿಮೆಂಟ್ ಕಾರ್ಖಾನೆಗೆ ಬರುವ ಸಾಹೇಬರನ್ನು ಸ್ಟೇಶನ್ನಿನಿಂದ ಕರೆದೊಯ್ಯುವ ಕೆಲಸ. ಕಾರು ರಸ್ತೆಯಲ್ಲಿ ನಿಲ್ಲುತ್ತಿತ್ತು. ನಮ್ಮ ಓಣಿ ಸಣ್ಣದು, ಈಗ ಮನೆಗೊಂದು ಗಾಡಿ. ಕೆಲವು ಸಲ ಕಾರು ಹಸೀನಾಬೇಗಂಳ ಬಾಗಿಲಿಗೇ ಬರುತ್ತಿತ್ತು. ಅವಳು ಸಿಟ್ಟಿನಿಂದ ಹೇಳಲಿಲ್ಲ, ಆದರೆ ಹೇಳಿದಳು. "ಸಾಯಿ, ನಾಳಿ ನಾ ಸತ್ರ ನನ್ನ ಹೊರಗ ಒಯ್ಯಾದು ಹ್ಯಾಂಗಪ್ಪ? ನಿನ್ನ ಕಾರಿನ ಮ್ಯಾಲಿಂದ ಜಿಗಿಸ್ತೀರೇನು?"

ಆಮೇಲೊಂದು ದಿನ ಕಲ್ಲಿನ ಟ್ರ್ಯಾಕ್ಟರು ಕಾರಿನ ಬಗಲು ಕೆರೆದು ಹೋಯಿತು. ಸಾಯಿ ಊಟ ಮಾಡಲಿಲ್ಲ.

ಅಂಗಳಕ್ಕೆ ಪರ್ಸಿ ಹಾಕಿ ಕಾರು ಒಳಗೆ ತೆಗೆದುಕೊಳ್ಳೋಣ ಅಂತ ಮೊದಲು ಹೇಳಿದವಳು ನಾನು. ಮಗ ಅಲ್ಲ, ಸೊಸೆ ಅಲ್ಲ. ಊರಿಗೆಲ್ಲ ಹಾಸುವವರು ನಮ್ಮ ಮನೆಯಲ್ಲೇ ಇದ್ದಾರೆ ಅಂದೆ. ಅವರು ಬೀಡಿ ಹಚ್ಚಿ ಅಂಗಳ ನೋಡಿದರು.

"ಪೂರಾ ಬ್ಯಾಡ. ಗಾಲಿ ಬರೂ ಎರಡು ಪಟ್ಟಿ ಹಾಕೋಣ. ನಡುವ ಮಣ್ಣು ಇರ್ಲಿ."

"ಪಟ್ಟಿ ಹಾಕಿದ್ರ ಕೆಲಸ ಅರ್ಧಾ ಬಿಟ್ಟಂಗ ಕಾಣ್ತದ್ರಿ."

"ಹೊರಸು ಎಲ್ಲಿ ಹಾಕಾದು?"

ಆಗ ನಾನು ಅಂದ ಮಾತು ಇದು. "ನಿಮಗ ಮಲಗ್ಲಿಕ್ಕಿ ಎಲ್ಲ್ಯಾದ್ರೂ ಜಾಗಾ ಸಿಗ್ತದ್ರಿ. ಕಾರಿಗಿ ಸಿಗಬೇಕಲ್ಲ?"

ಅವರು ನನ್ನನ್ನು ನೋಡಿದರು. ಬೈಯಲಿಲ್ಲ. "ಆಯ್ತು ಬಿಡು," ಅಂದರು. ಬೀಡಿ ಪೂರ್ತಿ ಸೇದದೆ ಆರಿಸಿದರು.

ಕಲ್ಲು ಒರಟಿನದು ತರುತ್ತೇನೆ ಅಂದರು. ನಾನು ಪಾಲಿಶ್ ಮಾಡಿದ್ದೇ ಬೇಕು ಅಂದೆ. ಚಿತ್ತಾಪುರದಲ್ಲಿ ನನ್ನ ತಂಗಿ ಜಗದೇವಿ ಇದ್ದಾಳೆ. ಅವಳ ಮನೆ ನನ್ನ ಮನೆಗಿಂತ ಚೆಂದ. ಅವಳು ಬಂದರೆ ಗೇಟಿನೊಳಗೆ ಕಾರು, ಕೆಳಗೆ ಹೊಳೆಯುವ ಪರ್ಸಿ ನೋಡಲಿ ಅನ್ನುವ ಆಸೆ ನನಗಿತ್ತು. ಅವರು ಪಾಲಿಶ್ ಕಲ್ಲೇ ತಂದರು. ಬದನೆ ಗಿಡ ನಾನೇ ಕಿತ್ತೆ. ಅವರು ದಾರ ಕಟ್ಟಿ, ಮಟ್ಟ ನೋಡಿ, ಒಂದೊಂದು ಕಲ್ಲನ್ನೂ ಬೆರಳಿನ ಗಂಟಿನಿಂದ ಬಡಿದು ಸದ್ದು ಕೇಳಿ ಕೂಡಿಸಿದರು. ಮಂದಿ ಮನೆಯಲ್ಲಿ ಮಾಡಿದ್ದಕ್ಕಿಂತ ಚಲೋ ಮಾಡಿದರು.

ಕಾರು ಒಳಗೆ ತಂದರೆ ಹಿಂದಿನ ಭಾಗ ಗೇಟಿನ ಹೊರಗೆ ಉಳಿಯಿತು. ಗೇಣು ಜಾಗ ಸಾಲಲಿಲ್ಲ. ಮಾಳಿಗೆಗೆ ಹೋಗುವ ಮೆಟ್ಟಿಲು ಗೋಡೆಗೆ ಹೊಂದಿ ಅಂಗಳಕ್ಕೆ ಇಳಿಯುತ್ತಿತ್ತು, ಅದರ ಕೆಳಗಿನ ಮೆಟ್ಟಿಲು ಕಾರಿನ ಮೂತಿಗೆ ಅಡ್ಡ. ಸಾಯಿ ತಲೆ ಕೆರೆದುಕೊಂಡ. ಅವರು ಉಳಿ, ಸುತ್ತಿಗೆ ತಂದು, ತಾವು ಕಟ್ಟಿದ ಮೆಟ್ಟಿಲಿನಲ್ಲಿ ಕೆಳಗಿನ ಅರ್ಧ ತಾವೇ ಒಡೆದರು. ಅಲ್ಲಿ ತಮ್ಮ ಕೆಲಸದ ಬಿದಿರಿನ ಏಣಿ ಇಟ್ಟರು. ಮುಂದೆ ಕಬ್ಬಿಣದ ಮೆಟ್ಟಿಲು ಹಾಕಿಸೋಣ ಅಂದೆವು.

ಹೊರಸು ಏಣಿ ಹತ್ತಲಿಲ್ಲ. ಅದನ್ನು ಹಿತ್ತಲಲ್ಲಿ ನಿಲ್ಲಿಸಿದೆವು. ಒಳಗೆ ನಮಗೆ ಕೂಲರು ತಂದ ಸಾಯಿ. ಅವರು ಒಂದು ರಾತ್ರಿ ಒಳಗೆ ಮಲಗಿ ನೋಡಿದರು, ಆಗಲಿಲ್ಲ. ಅಂಗಳದಲ್ಲಿ ಕಾರಿನ ಬಗಲಿಗೆ ಚಾಪೆ ಹಾಕಿ ನೋಡಿದರು. ಹಗಲೆಲ್ಲ ಕಾದ ಪರ್ಸಿ ಬೆನ್ನು ಸುಟ್ಟಿತು. ಕೊನೆಗೆ ಮಾಳಿಗೆ ಹತ್ತಿದರು. ಅದೂ ಕಲ್ಲೇ, ಅದೂ ಕಾದಿರುತ್ತಿತ್ತು. ಆದರೆ ಮೇಲೆ ಗಾಳಿ ಇತ್ತು. ಒಂದು ಕೊಡ ನೀರು ಸುರುವಿ ಅದರ ಮೇಲೆ ಚಾಪೆ ಹಾಸುತ್ತಿದ್ದರು.

ನುಣ್ಣನೆ ಪರ್ಸಿಯ ಮೇಲೆ ಏಣಿ ಜಾರುತ್ತದೆ. ಮೊದಲ ದಿನವೇ ಗೊತ್ತಾಗಿತ್ತು. ಮಣ್ಣಾಗಿದ್ದರೆ ಏಣಿಯ ಕಾಲು ಊರುತ್ತಿತ್ತು. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಕಾರು ಒಳಗೆ ಬಂದು ನಿಂತ ಮೇಲೆ ಏಣಿಯ ಕಾಲನ್ನು ಕಾರಿನ ಮುಂದಿನ ಗಾಲಿಗೆ ಒತ್ತಿ ಇಡುತ್ತಿದ್ದರು. ಗಾಲಿ ತಡೆಯುತ್ತಿತ್ತು. ಮೇಲಾಗಿ ನಾನು ಹಿಡಿಯುತ್ತಿದ್ದೆ. ಬೆಳಿಗ್ಗೆ ಅವರು ಇಳಿದು ಏಣಿ ತೆಗೆದ ಮೇಲೆಯೇ ಸಾಯಿ ಕಾರು ಹೊರಗೆ ತೆಗೆಯುವುದು.

ಆ ಕೊನೆಯ ಸಂಜೆಯ ಮರುದಿನ ಸಾಯಿಗೆ ಫೋನು ಬಂತು. ವಾಡಿಗೆ ರೈಲು ಬೇಗ ಬರುತ್ತದೆ, ಸಾಹೇಬರು ಕಾಯುತ್ತಾರೆ ಅಂತ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅವನು ಗಡಬಡಿಸಿ, ಏಣಿ ಇನ್ನೂ ಗಾಲಿಗೆ ಇದ್ದ ಹಾಗೆಯೇ, ಕಾರು ಚಾಲೂ ಮಾಡಿದ. ನಮ್ಮ ಗೇಟು ಸಣ್ಣದು. ಹಿಂದೆ ತೆಗೆಯುವಾಗ ಒಬ್ಬರು ರಸ್ತೆಯಲ್ಲಿ ನಿಂತು ಹೇಳಬೇಕು. ನಾನು ಹೋಗಿ ನಿಂತೆ.

"ಬರ್ಲಿ, ಬರ್ಲಿ. ಎಡಕ್ಕ ತಗೋ. ಗೇಟಿಗಿ ತಾಗೀತು ನೋಡು," ಅನ್ನುತ್ತಿದ್ದೆ.

ಮೇಲಿನಿಂದ ಅವರ ದನಿ ಬಂತು. "ಏ ಸುಂದ್ರಮ್ಮಾ, ಏಣಿ ಹಿಡಿ. ಇಳೀತೀನಿ."

ನಾನು ತಲೆ ಎತ್ತಲಿಲ್ಲ. ನನ್ನ ಕಣ್ಣು ಕಾರಿನ ಬಗಲಿನ ಮೇಲಿತ್ತು. ಹಿಂದೆ ಕೆರೆದದ್ದನ್ನು ಹೊಸದಾಗಿ ಬಣ್ಣ ಹಚ್ಚಿಸಿದ್ದೆವು. "ತಡೀರಿ, ಕಾರ್ ಹೋಗ್ಲಿ," ಅಂದೆ.

ಕಾರಿನ ಸದ್ದಿನಲ್ಲಿ ಅವರಿಗೆ ಅದು ಕೇಳಿಸಿತೋ ಇಲ್ಲವೋ. ಹಿಡಿದಿದ್ದೇನೆ ಅಂದುಕೊಂಡು ಕಾಲು ಇಟ್ಟಿರಬೇಕು. ಗಾಲಿ ಹಿಂದೆ ಸರಿಯಿತು. ಏಣಿ ಹೋಯಿತು. ಬಿದಿರು ಕಲ್ಲಿಗೆ ಬಡಿದ ಸದ್ದು ಕೇಳಿ ನಾನು ಏಣಿಯಷ್ಟೇ ಬಿತ್ತು ಅಂದುಕೊಂಡೆ. ಕಾರಿಗೇನಾದರೂ ಹತ್ತಿತೇನೋ ಅಂತ ಮೊದಲು ಕಾರು ನೋಡಿದೆ. ಇದನ್ನು ನಾನು ಯಾರಿಗೂ ಹೇಳಬೇಕಾಗಿಲ್ಲ. ಆದರೂ ಬರೆದಿದ್ದೇನೆ.

ತಲೆ ಪರ್ಸಿಗೆ ಬಡಿದಿತ್ತು. ಕಣ್ಣು ತೆರೆದಿದ್ದರು. ಮಾತಿಲ್ಲ. ಹಸೀನಾಬೇಗಂ ಬರಿಗಾಲಲ್ಲಿ ಓಡಿ ಬಂದಳು. ಅವಳ ಮಗ ತಾಹಿರ್, ಸಾಯಿ ಇಬ್ಬರೂ ಎತ್ತಿದರು. ಆ ಕಾರಿನಲ್ಲೇ ಹಾಕಿಕೊಂಡು ಕಲಬುರಗಿಗೆ ಹೊರಟೆವು. ಹಿಂದಿನ ಸೀಟು ಅವರಿಗೆ ಸಾಲಲಿಲ್ಲ. ಎತ್ತರದ ಮನುಷ್ಯ. ಕಾಲು ಮಡಚಿ, ತಲೆ ನನ್ನ ತೊಡೆಯ ಮೇಲೆ ಇಟ್ಟು ಮಲಗಿಸಿದೆವು. ಕಲಬುರಗಿ ಮುಟ್ಟುವ ಮೊದಲೇ ಮುಗಿದಿತ್ತು.

ಮಧ್ಯಾಹ್ನ ಮನೆಗೆ ತಂದೆವು. ಕೊಡ್ಲಿಯವರು, ಕುಂಚಾವರಂನವರು ಬರುವ ತನಕ ಅಂಗಳದಲ್ಲಿ ಮಲಗಿಸಬೇಕು. ಸಾಯಿ ಕಾರನ್ನು ಹೊರಗೇ ಬಿಟ್ಟ. ಓಣಿಯವರು ತಮ್ಮ ತಮ್ಮ ಗಾಡಿ ಸರಿಸಿದರು. ಆ ದಿನ ಕಾರಿಗೆ ರಸ್ತೆಯಲ್ಲಿ ಜಾಗ ಸಿಕ್ಕಿತು.

ತಂಗಿ ಜಗದೇವಿ ಬಂದಳು. ಅತ್ತಳು. ಅತ್ತು ಆದ ಮೇಲೆ ಕೆಳಗೆ ಕೈಯಾಡಿಸಿ, "ಭಾವ ಹಾಕಿದ್ದಾ ಅಕ್ಕಾ? ಭಾಳ ಚೆಂದ ಕುಂತಾವ ಪರ್ಸಿ," ಅಂದಳು. ಅವಳದೇನೂ ತಪ್ಪಿಲ್ಲ. ಅವಳು ನೋಡಲಿ ಅಂತಲೇ ಹಾಕಿಸಿದ್ದು.

ಅವರ ಆಯುಷ್ಯ ಅಷ್ಟೇ ಅಂತ ಎಲ್ಲರೂ ಅಂದರು. ಹಸೀನಾಬೇಗಂ ಕೂಡ ಅಂದಳು. "ನಿಂದೇನದ ಅಕ್ಕಾ ಇದರಾಗ? ಏಣಿ ಜಾರ್ತು." ನಾನು ಅವಳಿಗೆ, "ನಾ ಅಂದಿದ್ದೆ, ಎಲ್ಲ್ಯಾದ್ರೂ ಜಾಗಾ ಸಿಗ್ತದ ಅಂತ," ಅಂದೆ. ಅವಳು ನನ್ನ ಕೈ ಹಿಡಿದುಕೊಂಡು ಕುಂತಳು. ಅದೇ ನನಗೆ ಸರಿ ಅನ್ನಿಸಿತು.

ಆಮೇಲೆ ಸಾಯಿ ಒಂದು ದಿನ, "ಯವ್ವಾ, ಈ ಕಲ್ಲು ಎಲ್ಲಾ ಕಿತ್ತಿಸಿಬಿಡ್ತೀನಿ. ಕಾರ್ ಹೊರಗ ಇರ್ಲಿ, ಏನರೆ ಆಗ್ಲಿ," ಅಂದ.

"ಬ್ಯಾಡ. ಅವರು ಹಾಕಿದ್ದು," ಅಂದೆ.

ಅದು ಅರ್ಧ ಮಾತ್ರ ಖರೆ. ಕಿತ್ತರೆ ಕಾರು ಮತ್ತೆ ಓಣಿಗೆ ಹೋಗುತ್ತದೆ, ಟ್ರ್ಯಾಕ್ಟರು ಬರುತ್ತದೆ, ಮನೆ ನಡೆಯುವುದು ಆ ಕಾರಿನಿಂದಲೇ. ಅದನ್ನೂ ನಾನು ವಿಚಾರ ಮಾಡಿದೆ. ಗಂಡ ಸತ್ತು ತಿಂಗಳಾಗಿರಲಿಲ್ಲ, ವಿಚಾರ ಮಾಡಿದೆ. ಕೂಲರಿನ ಗಾಳಿಗೆ ರಾತ್ರಿ ನನಗೆ ನಿದ್ದೆಯೂ ಬರುತ್ತದೆ. ಬರಬಾರದು ಅಂದುಕೊಳ್ಳುತ್ತೇನೆ, ಬರುತ್ತದೆ.

ಈಗಲೂ ಬೆಳಿಗ್ಗೆ ಎದ್ದು ಗೇಟು ತೆಗೆಯುತ್ತೇನೆ. ಸಾಯಿ ಕಾರಿನಲ್ಲಿ ಕುಂತು ಚಾಲೂ ಮಾಡುವುದಿಲ್ಲ, ನಾನು ಹೇಳಲಿ ಅಂತ ಕಾಯುತ್ತಾನೆ. ನಾನು ರಸ್ತೆಗೆ ಹೋಗಿ ನಿಲ್ಲುತ್ತೇನೆ. ಆ ಕಡೆ ಈ ಕಡೆ ನೋಡುತ್ತೇನೆ. ಹಾಲಿನವನ ಸೈಕಲ್ಲು ಹೋಗಲಿ ಅಂತ ಬಿಡುತ್ತೇನೆ. ಆಮೇಲೆ ಮಗನಿಗೆ ಕೈ ಮಾಡಿ, "ಬರ್ಲಿ," ಅನ್ನುತ್ತೇನೆ.